ವೈಟ್‌ಬೋರ್ಡಿಗೆ ಬರೀ ‘ಹಲಗೆ’ ಅಂದರೆ ಸಾಲದೇ?

ಗೆಳೆಯರೇ,

ಪುಣೆಯ ಕೋಥ್ರೂಡ್‌ನಲ್ಲಿ ಭಾನುವಾರ ಬೆಳಿಗ್ಗೆ ಮಕ್ಕಳಿಗೆ ಕನ್ನಡ ಹೇಳಿಕೊಡುತ್ತೇನೆ. ವೈಟ್‌ಬೋರ್ಡಿಗೆ ನಿಮ್ಮ ಕಡೆ ಏನಂತೀರಿ? ನಾನು ‘ಬಿಳಿಹಲಗೆ’ ಅನ್ನುತ್ತಿದ್ದೆ. ಮಕ್ಕಳ ಬಾಯಲ್ಲಿ ಮಾತ್ರ ಮರಾಠಿಯ ‘ಫಳಾ’.

ಹೋದ ವಾರ ಮಕ್ಕಳನ್ನು ನಾಲ್ಕು ಗುಂಪು ಮಾಡಿದೆ. ಬೋರ್ಡಿನಲ್ಲಿ ನಾಲ್ಕು ಮನೆ ಗೀಚಿ, ‘ಗೊತ್ತಿರುವ ಹಲಗೆಗಳನ್ನೆಲ್ಲ ಬರೆಯಿರಿ’ ಅಂದೆ. ಕಪಾಟಿನ ಹಲಗೆ, ಮಂಚದ ಹಲಗೆ ಬಂದವು. ವಿಜಯಪುರ ಕಡೆಯ ಹುಡುಗಿಯೊಬ್ಬಳು ಸುಮ್ನೆ ಒಂದು ದುಂಡು ಬರೆದು, ಪಕ್ಕದಲ್ಲಿ ಎರಡು ಕಡ್ಡಿ ಇಟ್ಟಳು. ‘ಇದು ಹೋಳಿ ಹಬ್ಬಕ್ಕ ಬಾರಸೂ ಹಲಗಿರೀ!’ ಎಷ್ಟು ಖುಷಿಯಾಯಿತು ಗೊತ್ತಾ! ತಮಟೆಯಂಥ ಆ ಚರ್ಮವಾದ್ಯ ಮರಾಠಿಯಲ್ಲೂ ‘ಹಲಗಿ’ಯೇ. ಉಳಿದ ಮಕ್ಕಳಿಗೂ ತಕ್ಷಣ ಗುರುತು ಸಿಕ್ಕಿತು.

‘ಹಲಗೆ’ ಅನ್ನುವ ಪದ ಹಳಗನ್ನಡದಲ್ಲಿ ‘ಪಲಗೆ’. ತಮಿಳಿನಲ್ಲಿ ಇವತ್ತಿಗೂ ‘ಪಲಗೈ’. ಮೂಲದಲ್ಲಿ ಮರದ್ದೇ ಇರಬೇಕು, ಅಲ್ವಾ? ಆದರೆ ನಾನು ಕಲಿತ ಶಾಲೆಯ ಕರಿಹಲಗೆಯಲ್ಲಿ ಮರವೇ ಇರಲಿಲ್ಲ. ಗೋಡೆಗೆ ಸಿಮೆಂಟ್ ಗಿಲಾವು ಮಾಡಿ ಕಪ್ಪು ಬಳಿದಿದ್ದರು. ಆಮೇಲೆ ಹಸಿರು ಬೋರ್ಡ್ ಬಂತು, ಅದನ್ನೂ ಕರಿಹಲಗೆ ಅಂದೆವು. ಈಗ ಎನಾಮೆಲ್ ಹಚ್ಚಿದ ಉಕ್ಕಿನ ತಗಡು, ಇಲ್ಲವೇ ಮೆಲಮೈನ್ ಅನ್ನುವ ಪ್ಲಾಸ್ಟಿಕ್ಕಿನ ಮೇಲ್ಮೈ. ಮರ ಹೋದರೂ, ಬಣ್ಣ ಬದಲಾದರೂ ‘ಹಲಗೆ’ ಉಳಿದಿದೆ. ಅದಕ್ಕೇ ಬಣ್ಣದ ಹಂಗು ಬೇಡ, ‘ಹಲಗೆ ಮೇಲೆ ಬರಿ’ ಅಂದರೆ ಸಾಕು ಅನ್ನುವುದು ನನ್ನ ವಾದ. ಕಪ್ಪು, ಬಿಳಿ ಎರಡೂ ಒಂದೇ ಕೋಣೆಯಲ್ಲಿದ್ದಾಗ ಬೇಕಾದರೆ ಬಣ್ಣ ಹೇಳೋಣ.

ಇನ್ನೊಂದು ಜೋಡಿ ಪದ: ಒರೆಸು, ಅಳಿ. ಬೋರ್ಡ್ ಮಾರ್ಕರಿನ ಶಾಯಿಯಲ್ಲಿ ಬಣ್ಣ ಮೇಲ್ಮೈಗೆ ಕಚ್ಚದಂತೆ ತಡೆಯುವ ಜಿಡ್ಡಿನಂಥ ವಸ್ತು ಇರುತ್ತದೆ. ಹಾಗಾಗಿ ಒಣಬಟ್ಟೆಗೇ ಬಂದುಬಿಡುತ್ತದೆ. ಅವತ್ತು ಯಾರೋ ಪರ್ಮನೆಂಟ್ ಮಾರ್ಕರಿನಲ್ಲಿ ಬರೆದುಬಿಟ್ಟಿದ್ದರು. ಎಷ್ಟು ಒರೆಸಿದರೂ ಅಳಿಯಲಿಲ್ಲ. ಕೊನೆಗೆ ಆ ಅಕ್ಷರಗಳ ಮೇಲೆಯೇ ಬೋರ್ಡ್ ಮಾರ್ಕರಿನಿಂದ ತೀಡಿ, ಹಸಿ ಇರುವಾಗಲೇ ಒರೆಸಿದೆ. ಅದರ ದ್ರಾವಕಕ್ಕೆ ಹಳೆಯ ಶಾಯಿ ಕರಗಿ ಎದ್ದು ಬಂತು. ಒರೆಸುವುದು ಕೈಯ ಕೆಲಸ, ಅಳಿಯುವುದು ಬರಹದ ಪಾಡು. ಮಕ್ಕಳಿಗೆ ಈ ವ್ಯತ್ಯಾಸ ಆ ಬೋರ್ಡಿನ ಮುಂದೆಯೇ ಹೊಳೆಯಿತು.

ಒರೆಸಿದ ಮೇಲೂ ಹಳೆಯ ಅಕ್ಷರ ತೆಳುವಾಗಿ ಕಾಣುತ್ತದಲ್ಲ, ಅದಕ್ಕೆ ನಿಮ್ಮ ಊರಲ್ಲಿ ಪದ ಇದೆಯೇ? ಪಾಟಿ, ಬಳಪದ ಕಾಲದ್ದಾದರೂ ಸರಿ. ನನಗೆ ‘ಮಬ್ಬು’ ಬಿಟ್ಟರೆ ಬೇರೆ ಹೊಳೆಯುತ್ತಿಲ್ಲ.