ಅಪ್‌ಡೇಟ್: ದಿನದಿನವೂ ದೇವರ ಮೇಲೆ ಭಾರ ಹಾಕೋದು ಹೇಗೆ ಅಂತ ಕೇಳಿದ್ದೆ

ಅಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ ಪ್ರಾರ್ಥನೆಗೆ ಕೂತರೆ ಮುಂದಿನ ವರ್ಷದ ಚಿಂತೆಯೇ ತಲೆ ತುಂಬುತ್ತದೆ, ಏನು ಮಾಡಲಿ ಅಂತ ಕೇಳಿದ್ದೆ. ಉತ್ತರ ಕೊಟ್ಟವರಿಗೆಲ್ಲ ವಂದನೆ.

ಬೈಬಲಿನ ವಿಮೋಚನಕಾಂಡ 16ನೇ ಅಧ್ಯಾಯ ಓದಿ ಅಂದವರ ಮಾತು ತುಂಬಾ ನಾಟಿತು. ಅರಣ್ಯದಲ್ಲಿ ಇಸ್ರಾಯೇಲ್ಯರಿಗೆ ದೇವರು ಕೊಟ್ಟ ಮನ್ನ ಅನ್ನೋ ಆಹಾರ ಆಯಾ ದಿನಕ್ಕೆ ಮಾತ್ರ, ತಲೆಗೆ ಒಂದು ಓಮೆರ್ ಅಳತೆ. ಮರುದಿನಕ್ಕೆ ಇಟ್ಟುಕೊಂಡದ್ದು ಹುಳ ಬಿದ್ದು ನಾರಿತು, ಸಬ್ಬತ್ತಿನ, ಅಂದರೆ ವಾರದ ವಿಶ್ರಾಂತಿ ದಿನದ, ಹಿಂದಿನ ದಿನ ಮಾತ್ರ ಎರಡರಷ್ಟು ಸಿಕ್ಕಿತು. ಹಾಗಾಗಿ ಈಗ ನಾನು ಇವತ್ತಿನದನ್ನಷ್ಟೇ ಕೇಳುತ್ತೇನೆ: ಮಧ್ಯದಲ್ಲಿ ಅಮ್ಮನ ಬಿಪಿ ಇಳಿಯದಿರಲಿ, ಸೂಜಿ ಚುಚ್ಚುವ ಸಿಸ್ಟರ್ ಕೈ ನಡುಗದಿರಲಿ, ನನಗೆ ಸಿಡುಕು ಬರದಿರಲಿ.

ದಿನಕ್ಕೆ ಐದರಂತೆ ಓದಿದರೆ ಬೈಬಲಿನ 150 ಕೀರ್ತನೆಗಳೂ ಒಂದು ತಿಂಗಳಲ್ಲಿ ಮುಗಿಯುತ್ತವೆ ಅಂತ ಒಬ್ಬ ಅಕ್ಕ ಹೇಳಿದ್ದರು. ನಮಗೆ ಐದು ಜಾಸ್ತಿ, ಒಂದೇ ಓದುತ್ತೇವೆ, ಮೆಷಿನ್ ಪಕ್ಕದಲ್ಲೇ ಕೂತು, ಅಮ್ಮನಿಗೆ ಕೇಳುವಷ್ಟು ಮೆಲ್ಲಗೆ. 88ನೇ ಕೀರ್ತನೆ ಕತ್ತಲೆಯಲ್ಲೇ ಮುಗಿಯುತ್ತಲ್ಲ, ಅದನ್ನು ಬಿಟ್ಟುಬಿಡೋಣವಾ ಅಂದೆ. ಅಮ್ಮ, "ಓದು ಮಗಾ, ಅದನ್ನ ಬರೆದವನೂ ದೇವರ ಹತ್ರಾನೇ ಅಳ್ತಿದ್ದಾನೆ ಅಲ್ವಾ" ಅಂದರು. ಆಮೇಲೆ ನನ್ನ ಪ್ರಾರ್ಥನೆಯೂ ಬದಲಾಯ್ತು, ಈಗ ದೂರನ್ನೂ ಹೇಳುತ್ತೇನೆ.

ಚಿಂತೆ ಪೂರ್ತಿ ಹೋಗಿಲ್ಲ. ರಾತ್ರಿ ಬಿಲ್ಲು ಜೋಡಿಸುವಾಗ ಬರುತ್ತದೆ, ಆಗ ಯೇಸು ಕಲಿಸಿದ ಕರ್ತನ ಪ್ರಾರ್ಥನೆ ಹೇಳಿಕೊಂಡು ಆ ಫೈಲು ಮುಚ್ಚಿಡುತ್ತೇನೆ.

ಇನ್ನೊಂದು ವಿಷಯ. ಚರ್ಚ್‌ಗೆ ಹೋಗಲಾಗದವರ ಮನೆಗೆ ಅಯ್ಯನವರೇ (ಪಾದ್ರಿಗಳೇ) ಬಂದು ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿಗಾಗಿ ತೆಗೆದುಕೊಳ್ಳುವ ರೊಟ್ಟಿ ಮತ್ತು ದ್ರಾಕ್ಷಾರಸ, ಕೊಡುತ್ತಾರೆ, ಕೇಳಿ ನೋಡಿ ಅಂದಿದ್ದಿರಿ. ಕೇಳಿದೆ, ಬಂದರು. ಅಮ್ಮ ಕುಡಿಯೋದಕ್ಕೆಲ್ಲ ಲೆಕ್ಕ ಇರೋದರಿಂದ ರೊಟ್ಟಿಯ ಚೂರನ್ನು ದ್ರಾಕ್ಷಾರಸದಲ್ಲಿ ಸುಮ್ನೆ ಅದ್ದಿ ಕೊಟ್ಟರು. ಇಂಥ ರೋಗಿಗಳು ಮನೆಯಲ್ಲಿದ್ದರೆ ನೀವೂ ನಿಮ್ಮ ಸಭೆಯಲ್ಲಿ ಕೇಳಿ, ಸಂಕೋಚ ಬೇಡ.