ಬುಕಿತ್ ಲವಾಂಗ್ ಕಾಡಿನ ಓರಾಂಗುಟಾನ್: ಹೆದರಬೇಕಾ?

ಟ್ರೆಕ್_ಪ್ರಿಯ: ಇಂಡೊನೇಷ್ಯಾದ ಸುಮಾತ್ರಾ ದ್ವೀಪದ ಬುಕಿತ್ ಲವಾಂಗ್‌ಗೆ ಹೊರಟವರಿಗೆ ಓರಾಂಗುಟಾನ್‌ನಿಂದ ಅಪಾಯ ಇದೆಯಾ? ಸಾಧು ಅಂತ ಕೆಲವರು, ಕಚ್ಚುತ್ತೆ ಅಂತ ಕೆಲವರು.

ವನಜಾ: ಸಾಧುವೇ. ಮನುಷ್ಯ ಕಂಡರೆ ಮೊದಲು ತುಟಿ ಚೂಪು ಮಾಡಿ ಮುತ್ತಿಟ್ಟ ಹಾಗೆ ಕೀಚಲು ಸದ್ದು ಮಾಡುತ್ತೆ, ಆಮೇಲೆ ಕೊಂಬೆ ಅಲ್ಲಾಡಿಸುತ್ತೆ, ಮುರಿದು ಕೆಳಗೆ ಎಸೆಯುತ್ತೆ. ದೂರ ಹೋಗು ಅನ್ನೋದಕ್ಕೆ ಅಷ್ಟು. ಸುಮಾತ್ರಾದಲ್ಲಿ ಹುಲಿ ಇರೋದರಿಂದ ಅದು ನೆಲಕ್ಕೆ ಇಳಿಯೋದೇ ಅಪರೂಪ.

ಗಿರಿಧರ: ಮೇಡಂ, ಅದು ಕಾಡಲ್ಲೇ ಹುಟ್ಟಿ ಮನುಷ್ಯರಿಂದ ದೂರ ಬೆಳೆದವಕ್ಕೆ ಸರಿ. ಬುಕಿತ್ ಲವಾಂಗ್ ಬೇರೆ. 1973ರಲ್ಲಿ ಅಲ್ಲಿ ಪುನರ್ವಸತಿ ಕೇಂದ್ರ ಶುರುವಾಯ್ತು. ಮನೆಗಳಲ್ಲಿ ಸಾಕಿದ್ದವನ್ನು ತಂದು ಕಾಡಿಗೆ ಬಿಟ್ಟರು, ಅಟ್ಟಣೆ ಮೇಲೆ ಬಾಳೆಹಣ್ಣು ಇಟ್ಟರು. ಅವು ಮನುಷ್ಯನ ಹಿಂದೆ ಊಟ ಇರುತ್ತೆ ಅಂತ ಕಲಿತವು. ಮೀನಾ ಅನ್ನೋ ಹೆಣ್ಣು ಓರಾಂಗುಟಾನ್ ಗೈಡ್‌ಗಳನ್ನೂ ಪ್ರವಾಸಿಗರನ್ನೂ ಕಚ್ಚಿ ಹೆಸರಾಗಿದ್ದೇ ಹೀಗೆ. ಅಲ್ಲಿ ಅಪಾಯ ಮನುಷ್ಯನಿಗೆ ಹೆದರದ ಓರಾಂಗುಟಾನ್‌ನಿಂದ, ಹೆದರಿ ದೂರ ಇರೋದರಿಂದ ಅಲ್ಲ.

ವನಜಾ: ಹಾಗಾದರೆ ತಪ್ಪು ಹಣ್ಣು ಕೊಟ್ಟವರದ್ದು. ಪ್ರಾಣಿಗೆ ಯಾಕೆ ಕೆಟ್ಟ ಹೆಸರು?

ಗಿರಿಧರ: ಒಪ್ಪಿದೆ, ಆದರೆ ಗಾಯ ಆಗೋದು ಆಮೇಲೆ ಬಂದವನಿಗೆ. ದೊಡ್ಡ ಗಂಡು 75–90 ಕಿಲೋ ತೂಗುತ್ತೆ, ತೋಳು ಚಾಚಿದರೆ 2 ಮೀಟರ್‌ಗೂ ಹೆಚ್ಚು. ಹೆಣ್ಣು ಅದರ ಅರ್ಧದಷ್ಟಿದ್ದರೂ ಕೈಯಲ್ಲೂ ಕಾಲಲ್ಲೂ ಹಿಡಿಯಬಲ್ಲದು. ಒಮ್ಮೆ ಮುಂಗೈ ಸಿಕ್ಕಿದರೆ ಬಿಡಿಸಿಕೊಳ್ಳೋದು ಕಷ್ಟ, ಎಳೆದಷ್ಟೂ ಕಚ್ಚುವ ಸಾಧ್ಯತೆ ಜಾಸ್ತಿ.

ಟ್ರೆಕ್_ಪ್ರಿಯ: ಹತ್ತಿರ ಬಂದೇ ಬಿಟ್ಟರೆ?

ಗಿರಿಧರ: ಓಡಬೇಡಿ, ಅದರ ಕಡೆ ಮುಖ ಮಾಡಿಕೊಂಡೇ ಹಿಂದೆ ಸರಿಯಿರಿ. ತಾಯಿಗೂ ಮರಿಗೂ ನಡುವೆ ನಿಲ್ಲಬೇಡಿ. ಕೊಂಬೆ ಬೀಳ್ತಿದ್ದರೆ ಆ ಮರದ ಕೆಳಗಿನಿಂದ ಆಚೆ ಬನ್ನಿ. ತಿಂಡಿ ಬ್ಯಾಗಿನೊಳಗೆ ಇರಲಿ, ಅದರ ಕಣ್ಣೆದುರು ಜಿಪ್ ತೆಗೀಬೇಡಿ. ಬ್ಯಾಗ್ ಹಿಡಿದರೆ ಬಿಟ್ಟುಬಿಡಿ.

ವನಜಾ: ಬ್ಯಾಗ್ ಬಿಟ್ಟರೆ ಕಿತ್ತುಕೊಳ್ಳೋದನ್ನ ಕಲಿಸಿದ ಹಾಗಲ್ವಾ? ತಿಂಡಿಯನ್ನೇ ಒಯ್ಯಬಾರದು ಅನ್ನಿ.

ಗಿರಿಧರ: ಎರಡು ದಿನದ ಟ್ರೆಕ್‌ಗೆ ಊಟ ಬೇಕೇ ಬೇಕು. ಕಲಿಸಿದ ಹಾಗೆ ಆಗುತ್ತೆ, ನಿಜ. ಆದರೂ ಹಿಡಿದಾದ ಮೇಲೆ ಜಗ್ಗಾಡಿದರೆ ಬೆರಳು ಹೋಗುತ್ತೆ. ಹಣ್ಣು ತೋರಿಸಿ ಕರೆಯುವ ಗೈಡ್ ಇದ್ದರೆ ಅಲ್ಲೇ ಬೇಡ ಅನ್ನಿ, ಮುಲಾಜು ಬೇಡ.

ಪಶುವೈದ್ಯ_ಕೆ: ಒಂದು ಬಿಟ್ಟುಹೋಯ್ತು. ಓರಾಂಗುಟಾನ್ ಹತ್ತಿರ ಹೋಗದೆ 10 ಮೀಟರ್ ದೂರ ಇರಿ ಅಂತ ಪ್ರವಾಸಿಗರಿಗೆ ಹೇಳೋದು ನಿಮ್ಮ ರಕ್ಷಣೆಗಿಂತ ಅದರ ಶ್ವಾಸಕೋಶಕ್ಕಾಗಿ. ನಮ್ಮ ನೆಗಡಿ, ಜ್ವರ, ಕ್ಷಯ ಅವಕ್ಕೂ ತಗಲುತ್ತೆ. ಹೆಣ್ಣು ಮರಿ ಹಾಕೋದು ಸುಮಾರು 7–9 ವರ್ಷಕ್ಕೊಮ್ಮೆ, ಹಾಗಾಗಿ ಒಂದು ತಾಯಿ ಸತ್ತರೂ ಆ ನಷ್ಟ ಬೇಗ ತುಂಬಲ್ಲ. ಕೆಮ್ಮು ಇದ್ದರೆ ದಯವಿಟ್ಟು ಟ್ರೆಕ್ ಮುಂದೂಡಿ, ಮಾಸ್ಕ್ ಹಾಕಿಕೊಂಡೆ ಅಂತ ಹೋಗಬೇಡಿ. ಕಚ್ಚಿದರೆ ಹರಿಯುವ ನೀರಲ್ಲಿ ಸೋಪು ಹಾಕಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ, ಧನುರ್ವಾಯು ಮತ್ತು ರೇಬಿಸ್ ಚುಚ್ಚುಮದ್ದಿನ ಬಗ್ಗೆ ಕೇಳಿ.

ವನಜಾ: 10 ಮೀಟರ್ ಮಾತು ಸರಿ. ಅದೇ ಹತ್ತಿರ ಬಂದರೂ ಆ ಅಂತರ ಕಾಯಬೇಕಾದವರು ನಾವೇ. ಫೋಟೊ ಆಸೆಗೆ ನಿಂತುಬಿಡ್ತಾರೆ.