ಸೋಲಾರ್ ಸ್ಟಿಲ್: ಮುಚ್ಚಳದ ತುಂಬ ಹನಿ, ಬಾಟಲಿಗೆ ಮಾತ್ರ ಇಳಿಯುತ್ತಿಲ್ಲ

ಹನಿಗಾರ: ಸಾಕಾಗಿಹೋಗಿದೆ. ಉಪ್ಪುನೀರನ್ನು ಕುಡಿಯುವ ಹಾಗೆ ಮಾಡೋಣ ಅಂತ ಸೋಲಾರ್ ಸ್ಟಿಲ್ ಕಟ್ಟಿದೆ, ಅಂದರೆ ಬಿಸಿಲಿಗೆ ನೀರನ್ನು ಆವಿ ಮಾಡಿ, ಮುಚ್ಚಳಕ್ಕೆ ಕಟ್ಟಿದ ಹನಿಯನ್ನು ಬಾಟಲಿಗೆ ಇಳಿಸುವ ಪೆಟ್ಟಿಗೆ. ಟ್ರೇಗೆ ಕಪ್ಪು ಬಣ್ಣ, ಮೇಲೆ ಓರೆ ಮುಚ್ಚಳ, ಕೆಳ ಅಂಚಿಗೆ ಸೀಳಿದ ಪೈಪು. ಬಿಸಿಲಿಗೂ ಕೊರತೆ ಇಲ್ಲ. ಮುಚ್ಚಳದ ಒಳಗೆ ಹನಿ ಕಿಕ್ಕಿರಿದು ಕೂತಿರುತ್ತದೆ. ಸಂಜೆ ಬಾಟಲಿ ನೋಡಿದರೆ ಒಂದು ಲೋಟ ನೀರೂ ಇಲ್ಲ. ಏನಾಗ್ತಿದೆ, ಯಾರಾದರೂ ಹೇಳಿ.

ಬಿಸಿಲುಕೋಲು: ಆವಿ ಸೋರುತ್ತಿದೆ, ಬೇರೇನೂ ಅಲ್ಲ. ಅಂಚಿನ ಸುತ್ತ ಸಿಲಿಕಾನ್ ಹಚ್ಚಿ.

ಹನಿಗಾರ: ಹಚ್ಚಿದೆ. ಅಷ್ಟೇ ನೀರು. ಈಗ ಹುಳಿ ವಾಸನೆ ಬೇರೆ ಶುರುವಾಗಿದೆ.

ಬಿಸಿಲುಕೋಲು: ಕೆಲವು ಸಿಲಿಕಾನ್ ಒಣಗುವಾಗ ಅಸಿಟಿಕ್ ಆಮ್ಲ ಬಿಡುತ್ತದೆ. ವಾಸನೆ ಪೂರ್ತಿ ಹೋಗುವವರೆಗೆ ಬಂದ ನೀರನ್ನು ಚೆಲ್ಲಿ, ಕುಡಿಯಬೇಡಿ. ಪೈಪು ಹೊರಬರುವ ತೂತು ನೋಡಿದ್ರಾ? ಅಲ್ಲೇ ಸೋರುತ್ತಿರಬೇಕು.

ಚೌಕಟ್ಟು: ಸೋರಿಕೆ ಬಿಡಿ. ಓರೆ ಎಷ್ಟು ಡಿಗ್ರಿ? ಅಕ್ಷಾಂಶ ಎಷ್ಟೋ ಓರೆಯೂ ಅಷ್ಟಿರಬೇಕು.

ನೀರ್‌ಸಾಲು: ಹಾಗಾದರೆ ಸಮಭಾಜಕದ ಹತ್ತಿರ ಇರುವವರು ಮುಚ್ಚಳವನ್ನು ಸಪಾಟಾಗಿ ಇಡಬೇಕಾ? ಹನಿ ಜಾರಬೇಕಲ್ವಾ?

ಚೌಕಟ್ಟು: ನಾನು ಹಾಗೆ ಹೇಳಲಿಲ್ಲ. ಜಾರುವಷ್ಟು ಓರೆ ಎಲ್ಲಿದ್ದರೂ ಬೇಕೇ ಬೇಕು. ಅಷ್ಟಕ್ಕೇ ನಿಯಮ ಸುಳ್ಳಾಗುವುದಿಲ್ಲ.

ನೀರ್‌ಸಾಲು: ಸರಿ. ಹನಿಗಾರ ಅವರೇ, ಮುಚ್ಚಳ ಗಾಜಿನದ್ದಾ? ಟ್ರೇ ಎಷ್ಟು ದೊಡ್ಡದು, ನೀರು ಎಷ್ಟು ಆಳ? ನೀವು ಇದ್ಯಾವುದನ್ನೂ ಬರೆದಿಲ್ಲ.

ಹನಿಗಾರ: ಪ್ಲಾಸ್ಟಿಕ್ ಶೀಟು. ಟ್ರೇ ಅರ್ಧ ಚದರ ಮೀಟರ್. ದಿನಾ ತುಂಬಿಸೋದು ಬೇಡ ಅಂತ ಒಂದು ಗೇಣು ನೀರು ನಿಲ್ಲಿಸಿದ್ದೇನೆ. ಇದೆಲ್ಲ ಮುಖ್ಯವಾ?

ನೀರ್‌ಸಾಲು: ಇದೇ ಮುಖ್ಯ. ಪ್ಲಾಸ್ಟಿಕ್ ಮೇಲೆ ನೀರು ಹರಡುವುದಿಲ್ಲ, ಮಣಿ ಮಣಿಯಾಗಿ ನಿಲ್ಲುತ್ತದೆ. ಮಧ್ಯಾಹ್ನ ಒಂದೇ ಹನಿ ಮೇಲೆ ಕಣ್ಣಿಡಿ. ಅದು ದಪ್ಪವಾಗುತ್ತದೆ, ಸ್ವಲ್ಪ ನಡುಗುತ್ತದೆ, ಆಮೇಲೆ ನೇರ ಟ್ರೇಗೇ ಬೀಳುತ್ತದೆ. ಗಾಜಿನ ಮೇಲಾದರೆ ತೆಳ್ಳಗೆ ಹರಡಿ ಅಂಚಿನವರೆಗೆ ಜಾರುತ್ತದೆ. ಗಾಜು ಸಿಗದಿದ್ದರೆ ಶೀಟಿನ ಒಳಮೈಯನ್ನು ನಯವಾದ ಉಪ್ಪುಕಾಗದದಿಂದ ಹಗುರವಾಗಿ ಉಜ್ಜಿ, ನೀರು ಹಿಡಿಯುತ್ತದೆ. ನೀರಿನ ಆಳ 2 ಸೆಂಟಿಮೀಟರ್‌ಗೆ ಇಳಿಸಿ. ಒಂದು ಗೇಣು ನೀರು ಬಿಸಿಯಾಗುವ ಹೊತ್ತಿಗೆ ಬಿಸಿಲೇ ಇಳಿದಿರುತ್ತದೆ.

ಚೌಕಟ್ಟು: ಆಳ ಇದ್ದರೆ ನೀರಿನ ಬಿಸಿ ಉಳಿದು ರಾತ್ರಿಯೂ ಹನಿ ಇಳಿಯುತ್ತದೆ. ಅದನ್ನೂ ಹೇಳಿ.

ನೀರ್‌ಸಾಲು: ಇಳಿಯುತ್ತದೆ, ಆದರೆ ಒಟ್ಟು ಲೆಕ್ಕದಲ್ಲಿ ಕಡಿಮೆಯೇ. ಒಂದು ಲೀಟರ್ ಆವಿಯಾಗಲು ಸುಮಾರು 2,300 ಕಿಲೋಜೂಲ್ ಬೇಕು. ಒಳ್ಳೆಯ ಬಿಸಿಲಿನ ದಿನ ಚದರ ಮೀಟರಿಗೆ 5 ಕಿಲೋವ್ಯಾಟ್ ಗಂಟೆ, ಅಂದರೆ 18,000 ಕಿಲೋಜೂಲ್ ಶಕ್ತಿ ಬಿದ್ದರೆ, ಏನೂ ಪೋಲಾಗದೆ ಏಳೂವರೆ ಲೀಟರ್ ಮೇಲೆ ಸ್ವಲ್ಪ. ನಿಜವಾಗಿ ಕೈಗೆ ಸಿಗುವುದು ಅದರ ಅರ್ಧಕ್ಕಿಂತ ಕಡಿಮೆ. ನಿಮ್ಮ ಟ್ರೇಗೆ ದಿನಕ್ಕೆ ಒಂದು, ಒಂದೂವರೆ ಲೀಟರ್ ಬಂದರೆ ಕೆಲಸ ಚೆನ್ನಾಗಿದೆ ಅಂತ ಅರ್ಥ.

ಬಿಸಿಲುಕೋಲು: ನನ್ನದರಲ್ಲಿ ಟ್ರೇ ತುಂಬ ಕಪ್ಪು ಬಟ್ಟೆ ಹಾಸಿದ್ದೇನೆ, ಅಡಿಗೆ ದಪ್ಪ ಥರ್ಮಾಕೋಲ್. ಬೆಳಿಗ್ಗೆ ಬೇಗ ಆವಿ ಏಳುತ್ತದೆ. ಚಿಲಿಯ ಲಾಸ್ ಸಲಿನಾಸ್‌ನಲ್ಲಿ 1872ರಲ್ಲೇ ಮರದ ಚೌಕಟ್ಟು, ಗಾಜು ಹಾಕಿ ದಿನಕ್ಕೆ 20,000 ಲೀಟರ್‌ಗೂ ಜಾಸ್ತಿ ತೆಗೆದಿದ್ದರು. ಮುಂದಿನ ಸಲ ನಾನು ನಾಲ್ಕು ಟ್ರೇ ಸಾಲಾಗಿ ಜೋಡಿಸುತ್ತೇನೆ.

ಹನಿಗಾರ: ಶೀಟು ಉಜ್ಜಿದೆ, ಆಳ ಇಳಿಸಿದೆ. ಹನಿ ಈಗ ಗೆರೆ ಗೆರೆಯಾಗಿ ಇಳಿಯುತ್ತಿದೆ. ಬಾಟಲಿ ಅರ್ಧಕ್ಕೆ ಬಂದಿದೆ. ಆ ಕಪ್ಪು ಬಟ್ಟೆ ಹತ್ತಿಯದ್ದಾ? ಉಪ್ಪು ಕಟ್ಟಿದರೆ ಒಗೆಯೋದು ಹೇಗೆ?